ವಿಚಾರ ಲೇಖನಗಳ ಗಟ್ಟಿ ಓದು: ಗಡಿನಾಡಿನ ಕಡೆಯಿಂದ ಒಂದು ಸಮೀಕ್ಷೆ

ಒಬ್ಬರು ಗಟ್ಟಿಯಾಗಿ ಓದುವುದು, ಹತ್ತಾರು ಜನ ಕೂತು ಕೇಳುವುದು ಕನ್ನಡ ಸೀಮೆಯಲ್ಲಿ ಬಹಳ ಹಳೆಯ ರೂಢಿ. ಕಾವ್ಯ, ಪುರಾಣ, ವಚನಗಳೆಲ್ಲ ಊರೂರಿಗೆ ಮುಟ್ಟಿದ್ದು ಈ ದಾರಿಯಿಂದಲೇ. ಜಾತಿ, ಭೂಮಿ, ಹೆಣ್ಣಿನ ಸ್ಥಾನಮಾನ, ಸ್ವರಾಜ್ಯದ ಅರ್ಥ, ಆಳುವವರ ಹೊಣೆ ಇಂಥ ಪ್ರಶ್ನೆಗಳನ್ನು ಹಿಡಿದು ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳಲ್ಲಿ ಹುಟ್ಟಿದ ಗದ್ಯಲೇಖನಗಳಿಗೆ ಮಾತ್ರ ಈ ಭಾಗ್ಯ ಪೂರ್ತಿ ಸಿಕ್ಕಿಲ್ಲ. ಅವು ಗ್ರಂಥಾಲಯದ ಕಪಾಟಿನಲ್ಲಿ, ಪರೀಕ್ಷೆಯ ಪಠ್ಯದಲ್ಲಿ, ಸಂಶೋಧಕರ ಅಡಿಟಿಪ್ಪಣಿಗಳಲ್ಲಿ ಉಳಿದುಕೊಂಡಿವೆ. ಅವನ್ನು ಇಂದಿನ ಕೇಳುಗರ ಮುಂದೆ ಗಟ್ಟಿಯಾಗಿ ಓದುವುದು ಹೇಗೆ, ಯಾವುದನ್ನು ಓದಬೇಕು, ಓದುವಾಗ ಎದುರಾಗುವ ತೊಡಕುಗಳೇನು, ಕಾನೂನು ಏನು ಹೇಳುತ್ತದೆ ಎಂಬುದು ಈ ಲೇಖನದ ವಿಷಯ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು, ಅದರಲ್ಲಿಯ ಮುಚ್ಚಂಡಿಯಂಥ ಕನ್ನಡದ ಊರುಗಳು ಈ ಪ್ರಶ್ನೆಗೆ ಒಳ್ಳೆಯ ನೆಲೆ. ಅಲ್ಲಿ ಕನ್ನಡದ ಕೇಳುವ ಪರಂಪರೆಯೂ ಮರಾಠಿಯ ವಿಚಾರ ಸಾಹಿತ್ಯವೂ ಒಂದೇ ಅಂಗಳದಲ್ಲಿ ಕೂಡುತ್ತವೆ.

ಲೇಖನಗಳು ಕಿವಿಗೆ ಬಿದ್ದ ಕಾಲ

1951ರ ಜನಗಣತಿಯಲ್ಲಿ ಭಾರತದ ಸಾಕ್ಷರತೆ ಶೇ. 18.33 ಮಾತ್ರ ಇತ್ತು. ಅದಕ್ಕೂ ಹಿಂದಿನ ದಶಕಗಳಲ್ಲಿ ಇನ್ನೂ ಕಡಿಮೆ. ಹೀಗಿರುವಾಗ ಪತ್ರಿಕೆಯೊಂದು ಜನರ ಮನಸ್ಸನ್ನು ಕಲಕಿತು ಎಂದರೆ, ಅದನ್ನು ಓದಿದವರಿಗಿಂತ ಓದಿಸಿ ಕೇಳಿದವರು ಹೆಚ್ಚು ಎಂದೇ ಅರ್ಥ. 1881ರಲ್ಲಿ ಪುಣೆಯಲ್ಲಿ ಶುರುವಾದ ‘ಕೇಸರಿ’ ಪತ್ರಿಕೆಯ ಅಗ್ರಲೇಖನಗಳನ್ನು ಹಳ್ಳಿಗಳಲ್ಲಿ ಅಕ್ಷರ ಬಲ್ಲವರೊಬ್ಬರು ಓದಿ ಹೇಳುತ್ತಿದ್ದರು, ಉಳಿದವರು ಸುತ್ತ ಕೂತು ಕೇಳುತ್ತಿದ್ದರು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿ ಬಲ್ಲವರಿಗೂ ಆ ಪತ್ರಿಕೆಯ ಓದು ಇತ್ತು. 1906ರಲ್ಲಿ ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ‘ಧನುರ್ಧಾರಿ’ ವಾರಪತ್ರಿಕೆ ಆರಂಭಿಸಿ ಅದೇ ಬಗೆಯ ರಾಷ್ಟ್ರೀಯ ವಿಚಾರವನ್ನು ಕನ್ನಡದಲ್ಲಿ ಕೊಟ್ಟರು.

ಈ ವಿಷಯದಲ್ಲಿ ಎಲ್ಲಕ್ಕಿಂತ ಹತ್ತಿರದ ಮಾದರಿ ಮಹಾತ್ಮ ಜೋತಿಬಾ ಫುಲೆಯವರದು. ರೈತನ ಬವಣೆಯ ಕಾರಣಗಳನ್ನು ಬಿಡಿಸಿ ಹೇಳುವ ‘ಶೇತಕರ್ಯಾಚಾ ಆಸೂಡ’ ಎಂಬ ಕೃತಿಯನ್ನು ಅವರು 1883ರಲ್ಲಿ ಬರೆದರು. ಅದನ್ನು ಬರೆಯುತ್ತ ಬರೆಯುತ್ತಲೇ ಜನರ ಮುಂದೆ ಓದಿ ತೋರಿಸಿದರು. ಪಟ್ಟಣದ ಸಭೆಗಳಲ್ಲಿ ಓದಿದರು, ಹಳ್ಳಿಗಳಲ್ಲಿ ಓದಿದರು, ಬರೋಡೆಯ ಸಯಾಜಿರಾವ ಗಾಯಕವಾಡರ ಎದುರೂ ಓದಿದರು. ಸಾಲ, ತೆರಿಗೆ, ಸರಕಾರಿ ನೌಕರರ ಕಾಟ, ಧರ್ಮದ ಹೆಸರಿನ ಖರ್ಚು ಇವುಗಳ ಬಗ್ಗೆ ಬರೆದದ್ದನ್ನು ಅದೇ ಬವಣೆ ಅನುಭವಿಸುವವರ ಕಿವಿಗೆ ಹಾಕಿದ ಈ ಕ್ರಮ ಇಂದಿಗೂ ಅನುಕರಣೀಯ.

ಬೇರೆ ನಾಡುಗಳಲ್ಲೂ ಇಂಥ ಉದಾಹರಣೆಗಳಿವೆ. ಕ್ಯೂಬಾದ ಹವಾನಾ ನಗರದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಲ್ಲಿ ಒಂದು ಪದ್ಧತಿ ಶುರುವಾಯಿತು. ಕೆಲಸಗಾರರು ತಂಬಾಕು ಸುತ್ತುತ್ತಿರುವಾಗ ಎತ್ತರದ ಪೀಠದಲ್ಲಿ ಕೂತವನೊಬ್ಬ ಪತ್ರಿಕೆ, ಕಾದಂಬರಿ, ರಾಜಕೀಯ ಬರಹಗಳನ್ನು ಓದುತ್ತಿದ್ದ. ಅವನ ಸಂಬಳವನ್ನು ಕೆಲಸಗಾರರೇ ವಂತಿಗೆ ಎತ್ತಿ ಕೊಡುತ್ತಿದ್ದರು. ಈ ಓದಿಗೆ ಸರಕಾರ ಅಂಜಿ ಮರುವರ್ಷವೇ ನಿಷೇಧ ಹೇರಿತು. ಆದರೂ ಪದ್ಧತಿ ಮತ್ತೆ ಚಿಗುರಿ ಅಮೆರಿಕದ ಫ್ಲಾರಿಡಾಕ್ಕೂ ಹೋಯಿತು.

ಜತ್ತ ಸೀಮೆಯ ಕೇಳುವ ಪರಂಪರೆ

ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ ಸ್ವಾತಂತ್ರ್ಯಾನಂತರ ಮುಂಬಯಿ ಪ್ರಾಂತಕ್ಕೆ ಸೇರಿತು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಆಡಳಿತ ಮರಾಠಿಯದಾದರೂ ತಾಲ್ಲೂಕಿನ ಬಹಳಷ್ಟು ಊರುಗಳಲ್ಲಿ ಮನೆಮಾತು ಕನ್ನಡವೇ. ಕೇಳುವ ಪರಂಪರೆ ಅಲ್ಲಿ ಕಡಿದುಹೋಗಿಲ್ಲ. ಅದರ ನಾಲ್ಕು ಕವಲುಗಳನ್ನು ಇಲ್ಲಿ ಗುರುತಿಸಬಹುದು.

ಮೊದಲನೆಯದು ಶರಣರ ಪುರಾಣ. ಉಮರಾಣಿಯಲ್ಲಿ ಹುಟ್ಟಿ ಗುಡ್ಡಾಪುರದಲ್ಲಿ ನೆಲೆಸಿದ ದಾನಮ್ಮದೇವಿಯ ಸೀಮೆಯಿದು. ಶ್ರಾವಣ ಬಂತೆಂದರೆ ಮಠ-ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಅರ್ಥ ಬಿಡಿಸುತ್ತಾರೆ, ಗವಾಯಿ ನಡುನಡುವೆ ಹಾಡುತ್ತಾನೆ, ತಬಲಾ ಜೊತೆಗೂಡುತ್ತದೆ. ತಿಂಗಳುಗಟ್ಟಲೆ, ದಿನಕ್ಕೆ ಇಷ್ಟಿಷ್ಟು ಎಂದು ಒಂದೇ ಗ್ರಂಥವನ್ನು ಕೇಳುವ ಸಹನೆ ಈ ಊರುಗಳ ಜನಕ್ಕಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಲಿಂಗೈಕ್ಯರಾಗುವವರೆಗೆ ಕನ್ನಡ, ಮರಾಠಿ ಎರಡರಲ್ಲೂ ಪ್ರವಚನ ನಡೆಸಿದರು. ಏರಿಳಿತವಿಲ್ಲದ ತಣ್ಣನೆಯ ದನಿಯಲ್ಲಿ, ಸಾದಾ ಮಾತಿನಲ್ಲಿ ತತ್ವ ಹೇಳಿದರೂ ಸಾವಿರಾರು ಜನ ಕದಲದೆ ಕೇಳುತ್ತಾರೆ ಎಂಬುದನ್ನು ಅವರು ತೋರಿಸಿಕೊಟ್ಟರು.

ಎರಡನೆಯದು ಇಂಚಗೇರಿ ಸಂಪ್ರದಾಯದ ನಿರೂಪಣ. ಈ ಸಂಪ್ರದಾಯದ ಭಾವುಸಾಹೇಬ ಮಹಾರಾಜರು (1843–1914) ಜತ್ತ ತಾಲ್ಲೂಕಿನ ಉಮದಿಯವರು. ಸಮರ್ಥ ರಾಮದಾಸರ ‘ದಾಸಬೋಧ’ವನ್ನು ಸಭೆಯಲ್ಲಿ ಓದಿ ಅರ್ಥ ಹೇಳುವುದು ಇಂಚಗೇರಿ ಮಠದ ನಿತ್ಯಕ್ರಮ. ಕನ್ನಡ ಮನೆಮಾತಿನ ಜನ ಮರಾಠಿ ಗ್ರಂಥವನ್ನು ಕೇಳಿ ಕನ್ನಡದಲ್ಲಿ ಚರ್ಚಿಸುವ ಅಭ್ಯಾಸ ಇದರಿಂದ ಬೆಳೆಯಿತು. 20 ದಶಕ, 200 ಸಮಾಸಗಳ ಆ ಗ್ರಂಥದಲ್ಲಿ ಭಕ್ತಿ-ವೈರಾಗ್ಯದ ಜೊತೆಗೆ ರಾಜಕಾರಣ ನಿರೂಪಣಕ್ಕೇ ಮೀಸಲಾದ ಸಮಾಸಗಳೂ ಇವೆ. ಕೇಳುಗರು ಪ್ರಶ್ನೆ ಕೇಳುತ್ತಾರೆ, ವಕ್ತಾರ ಉತ್ತರ ಕೊಡುತ್ತಾನೆ ಎಂಬ ಕಟ್ಟೂ ಅದರಲ್ಲಿದೆ.

ಮೂರನೆಯದು ಹರದೇಶಿ-ನಾಗೇಶಿ. ವಿಜಯಪುರ, ಬಾಗಲಕೋಟೆ ಮತ್ತು ಗಡಿ ಭಾಗದ ಗೀಗೀ ಮೇಳಗಳಲ್ಲಿ ಒಂದು ತಂಡ ಗಂಡಿನ ಪರ, ಇನ್ನೊಂದು ಹೆಣ್ಣಿನ ಪರ ನಿಂತು ರಾತ್ರಿಯಿಡೀ ವಾದ ಹೂಡುತ್ತವೆ. ಸವಾಲಿಗೆ ಜವಾಬು ಸಿಗುವವರೆಗೆ ಜನ ಏಳುವುದಿಲ್ಲ. ಈ ಮೇಳ ಕೇಳಿ ಬೆಳೆದವರಿಗೆ ತಾರಾಬಾಯಿ ಶಿಂದೆಯವರ ‘ಸ್ತ್ರೀಪುರುಷ ತುಲನಾ’ (1882) ಎಂಬ ಮರಾಠಿ ಪ್ರಬಂಧದ ವಾದಸರಣಿ ಪರಕೀಯ ಎನಿಸಲಾರದು. ಗಂಡಸು ಹೆಣ್ಣಿನ ಮೇಲೆ ಹೊರಿಸುವ ಒಂದೊಂದೇ ದೋಷವನ್ನು ಎತ್ತಿಕೊಂಡು ಅದು ಅವನಲ್ಲೇ ಹೆಚ್ಚಿದೆ ಎಂದು ತಿರುಗಿಸಿ ಕೇಳುವ ಬರಹವದು.

ನಾಲ್ಕನೆಯದು ವಚನ. ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಜಾತಿ, ಕಾಯಕ, ದಾಸೋಹ, ಹೆಣ್ಣು-ಗಂಡಿನ ಸಮಾನತೆಯ ಬಗ್ಗೆ ಹನ್ನೆರಡನೆಯ ಶತಮಾನದ ಶರಣರು ಹೇಳಿದ ಮಾತು ಕನ್ನಡದ ಅತ್ಯಂತ ಹಳೆಯ ಸಾಮಾಜಿಕ ವಿಮರ್ಶೆಗಳಲ್ಲಿ ಒಂದು. ಅದು ಬಾಯಿಂದ ಕಿವಿಗೆ ಹೋಗಲೆಂದೇ ಹುಟ್ಟಿದ ಗದ್ಯ.

ಇವುಗಳ ಜೊತೆಗೆ ದಕ್ಷಿಣ ಮತ್ತು ಮಲೆನಾಡಿನ ಕಡೆ ಗಟ್ಟಿಯಾಗಿರುವ ಗಮಕವನ್ನೂ ಹೇಳಬೇಕು. ಅಲ್ಲಿ ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಈ ಕೆಲಸದ ಹಂಚಿಕೆ ಗದ್ಯದ ಓದಿಗೂ ಬಹಳ ಉಪಯುಕ್ತ.

ಓದಲು ತಕ್ಕ ಕೃತಿಗಳು

ವಿಚಾರ ಲೇಖನಗಳೆಲ್ಲ ಕಿವಿಗೆ ಒಂದೇ ರೀತಿ ಒಗ್ಗುವುದಿಲ್ಲ. ಬರೆದ ರೂಪವನ್ನು ನೋಡಿ ಅವನ್ನು ಮೂರು ಗುಂಪು ಮಾಡಬಹುದು.

ಸಂವಾದ ರೂಪದವು ಎಲ್ಲಕ್ಕಿಂತ ಸುಲಭ. ಗಾಂಧೀಜಿ 1909ರ ನವೆಂಬರಿನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಹೋಗುವ ಹಡಗಿನಲ್ಲಿ ಗುಜರಾತಿಯಲ್ಲಿ ಬರೆದ ‘ಹಿಂದ್ ಸ್ವರಾಜ್’ 20 ಅಧ್ಯಾಯಗಳ ಪುಟ್ಟ ಪುಸ್ತಕ. ಓದುಗ ಕೇಳುತ್ತಾನೆ, ಸಂಪಾದಕ ಉತ್ತರಿಸುತ್ತಾನೆ. ಅದನ್ನು ಮುಂಬಯಿ ಸರಕಾರ 1910ರಲ್ಲಿ ನಿಷೇಧಿಸಿತ್ತು. ಫುಲೆಯವರ ‘ಗುಲಾಮಗಿರಿ’ (1873) ಕೂಡ ಬಹುಮಟ್ಟಿಗೆ ಜೋತಿಬಾ ಮತ್ತು ಧೋಂಡಿಬಾರ ಮಾತುಕತೆ. ಇಬ್ಬರು ಓದುಗರು ಎದುರುಬದುರು ಕೂತರೆ ಇಂಥ ಕೃತಿ ತಾನಾಗಿಯೇ ಸಭೆಯನ್ನು ಹಿಡಿಯುತ್ತದೆ. ಕನ್ನಡದಲ್ಲಿ ‘ಶೂನ್ಯಸಂಪಾದನೆ’ ಇದೇ ಜಾತಿಯದು.

ಎರಡನೆಯ ಗುಂಪು ಭಾಷಣಗಳದು. ಡಾ. ಅಂಬೇಡ್ಕರರ ‘ಜಾತಿ ವಿನಾಶ’ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆಂದು ಸಿದ್ಧವಾದ ಅಧ್ಯಕ್ಷ ಭಾಷಣ. ಅದರ ವಿಚಾರಗಳಿಗೆ ಸಂಘಟಕರು ಹಿಂಜರಿದು ಸಮ್ಮೇಳನವನ್ನೇ ಕೈಬಿಟ್ಟರು. ಅಂಬೇಡ್ಕರರು 1936ರಲ್ಲಿ ಅದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಸಭೆಗಾಗಿ ಬರೆದೂ ಸಭೆಯಲ್ಲಿ ನುಡಿಯಲಾಗದೆ ಉಳಿದ ಕೃತಿಯನ್ನು ಇಂದು ಒಂದು ಸಭೆಯ ಮುಂದೆ ಓದಿದರೆ ಅದಕ್ಕೆ ಸಲ್ಲಬೇಕಾದದ್ದು ಸಂದಂತೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಮಾಡಿದ ಭಾಷಣವೂ ಈ ಗುಂಪಿನದು. ರಾಜಕೀಯದಲ್ಲಿ ಸಮಾನತೆ ಬಂದು ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿದರೆ ಪ್ರಜಾಪ್ರಭುತ್ವಕ್ಕೇ ಅಪಾಯ ಎಂಬ ಎಚ್ಚರಿಕೆ ಅದರ ತಿರುಳು. ಕುವೆಂಪು ಅವರ ವೈಚಾರಿಕ ಭಾಷಣಗಳು ಕನ್ನಡದಲ್ಲಿ ಈ ಬಗೆಯ ಓದಿಗೆ ಮೇಲುಪಂಕ್ತಿ.

ಮೂರನೆಯದು ವಿದ್ವತ್ ಪ್ರಬಂಧಗಳು. ಜಮಖಂಡಿಯಲ್ಲಿ ಹುಟ್ಟಿ, 1906ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮರಾಠಿಯಲ್ಲಿ ಅಸ್ಪೃಶ್ಯತೆಯ ಬಗ್ಗೆ ಬರೆದದ್ದು, ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ (1917), ಡಿ.ವಿ.ಜಿ.ಯವರ ರಾಜ್ಯಶಾಸ್ತ್ರದ ಬರಹಗಳು, ಶಂ. ಬಾ. ಜೋಶಿಯವರ ಸಂಸ್ಕೃತಿ ಶೋಧ ಇವೆಲ್ಲ ಇಲ್ಲಿ ಬರುತ್ತವೆ. ಇವುಗಳಲ್ಲಿ ಆಧಾರ, ಉಲ್ಲೇಖ, ಪಾರಿಭಾಷಿಕ ಪದಗಳು ದಟ್ಟವಾಗಿರುವುದರಿಂದ ಆಯ್ದ ಭಾಗವನ್ನಷ್ಟೇ ಓದಿ ಉಳಿದದ್ದನ್ನು ವ್ಯಾಖ್ಯಾನಕ್ಕೆ ಬಿಡುವುದು ಒಳ್ಳೆಯದು.

ಜತ್ತದ ಕನ್ನಡ ಮಾಧ್ಯಮದ ಮಕ್ಕಳಿಗೆ ಇಲ್ಲೊಂದು ವಿಶೇಷ ಅನುಕೂಲವಿದೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ‘ಬಾಲಭಾರತಿ’ ಸಂಸ್ಥೆ ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಕನ್ನಡದಲ್ಲೂ ಹೊರತರುತ್ತದೆ. ಫುಲೆ, ಶಾಹು ಮಹಾರಾಜ, ಅಂಬೇಡ್ಕರರ ಹೋರಾಟದ ಕತೆಯನ್ನು ಈ ಮಕ್ಕಳು ಮಹಾರಾಷ್ಟ್ರದ ಇತಿಹಾಸವೆಂದು ಓದುತ್ತಾರೆ, ಬಸವಣ್ಣನನ್ನು ಮನೆ-ಮಠಗಳಲ್ಲಿ ಕೇಳುತ್ತಾರೆ. ಎರಡನ್ನೂ ಜೋಡಿಸಿ ಓದಬಲ್ಲ ಸಭೆ ಗಡಿಯಲ್ಲೇ ಸಿಗುವುದು.

ಕಿವಿಯ ತೊಡಕುಗಳು

ಕಣ್ಣಿಗೆ ಸುಲಭವಾದ ವಾಕ್ಯ ಕಿವಿಗೆ ಕಠಿಣವಾಗಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬೇರೆಯವರ ಮಾತನ್ನು ಮೊದಲು ಹೇಳಿ ‘ಎಂದು’ ಎನ್ನುವುದೂ ಕೊನೆಗೇ. ವಾದ ಹೂಡುವ ಬರಹದಲ್ಲಿ ಇದರಿಂದ ದೊಡ್ಡ ಎಡವಟ್ಟಾಗುತ್ತದೆ. ಹೀಗೊಂದು ವಾಕ್ಯ ಇದೆ ಎಂದುಕೊಳ್ಳಬಹುದು: ‘ಹೆಣ್ಣುಮಕ್ಕಳು ಶಾಲೆ ಕಲಿತರೆ ಮನೆತನ ಕೆಡುತ್ತದೆ, ಹಿರಿಯರ ಮಾತು ಮೀರುತ್ತಾರೆ, ಹೊಲ-ಮನೆಯ ಕೆಲಸ ಒಲ್ಲೆನ್ನುತ್ತಾರೆ ಎಂದು ವಾದಿಸುವವರು ತಮ್ಮ ಮನೆಯ ಗಂಡುಮಕ್ಕಳನ್ನು ಒಮ್ಮೆ ನೋಡಲಿ.’ ಪುಟದಲ್ಲಿ ಓದುವವರ ಕಣ್ಣು ಮುಂದಕ್ಕೆ ಓಡಿ ‘ಎಂದು’ ಎಂಬುದನ್ನು ಹಿಡಿಯುತ್ತದೆ. ಕೇಳುವವರು ಮಾತ್ರ ಮೊದಲ ಮೂರು ಮಾತುಗಳನ್ನು ಲೇಖಕರದೇ ಎಂದು ನಂಬಿ ತಲೆದೂಗಿಯೋ ಸಿಟ್ಟಾಗಿಯೋ ಬಿಟ್ಟಿರುತ್ತಾರೆ. ಕೊನೆಯ ತಿರುವು ಬರುವಷ್ಟರಲ್ಲಿ ಎಳೆ ತಪ್ಪಿರುತ್ತದೆ.

ಇದಕ್ಕೆ ಮೂರು ಪರಿಹಾರಗಳಿವೆ. ಪೂರ್ವಪಕ್ಷದ, ಅಂದರೆ ಎದುರಾಳಿಯ ಮಾತನ್ನು ಬೇರೆ ದನಿಯಲ್ಲಿ, ತುಸು ಚುರುಕಾಗಿ ಓದಿ ‘ಎಂದು’ ಬಳಿ ನಿಂತು, ಲೇಖಕರ ಉತ್ತರವನ್ನು ನಿಧಾನವಾಗಿ ಓದುವುದು ಒಂದು. ಇಬ್ಬರು ಓದುಗರಿದ್ದರೆ ಎದುರಾಳಿಯ ಮಾತನ್ನು ಒಬ್ಬರಿಗೇ ವಹಿಸುವುದು ಇನ್ನೊಂದು. ವ್ಯಾಖ್ಯಾನಕಾರರು ಮುಂಚಿತವಾಗಿಯೇ ‘ಈಗ ವಿರೋಧಿಗಳ ವಾದ ಬರುತ್ತದೆ’ ಎಂದು ಸೂಚಿಸುವುದು ಮೂರನೆಯದು. ಮೂಲದ ಪದ ಬದಲಿಸದೆ ಅರ್ಥ ಮುಟ್ಟಿಸಲು ಈ ಮೂರೂ ನೆರವಾಗುತ್ತವೆ.

ಎರಡನೆಯ ತೊಡಕು ಆಡಳಿತದ ಮಾತು. ಮೈಸೂರು ಸೀಮೆಯ ಲೇಖನದಲ್ಲಿ ಬರುವ ಶಾನುಭೋಗ, ಅಮಲ್ದಾರ, ಪಹಣಿ ಜತ್ತದ ಕಿವಿಗೆ ತಟ್ಟುವುದಿಲ್ಲ. ಅಲ್ಲಿ ಕುಲಕರ್ಣಿ, ತಲಾಠಿ, ತಹಶೀಲ್ದಾರ, ಸಾತಬಾರಾ ಉತಾರ ಎಂದರೆ ಕೂಡಲೇ ತಿಳಿಯುತ್ತದೆ. ಆಣೆ-ಪೈ, ಸೇರು-ಮಣ, ಸಂಸ್ಥಾನ-ಪ್ರಾಂತಗಳ ಲೆಕ್ಕವೂ ಇಂದಿನ ಹರೆಯದವರಿಗೆ ದೂರ. ಇಂಥ ಪದ ಬಂದಾಗಲೆಲ್ಲ ಓದು ನಿಲ್ಲಿಸಿ ವಿವರಿಸಿದರೆ ವಾದದ ಓಟ ಮುರಿಯುತ್ತದೆ. ಓದಿಗೆ ಮುಂಚೆ ಐದು ನಿಮಿಷ ತೆಗೆದುಕೊಂಡು ಅಂಥ ಹತ್ತು ಪದಗಳ ಪರಿಚಯ ಮಾಡಿಕೊಟ್ಟರೆ ಮುಂದೆ ಹಾದಿ ಸುಗಮ.

ಮೂರನೆಯದು ಉದ್ದ. ಹತ್ತು ಪುಟದ ಲೇಖನ ಗಟ್ಟಿಯಾಗಿ ಓದಿದರೆ ಹತ್ತಿರ ಹತ್ತಿರ ಅರ್ಧ ಗಂಟೆ ಹಿಡಿಯುತ್ತದೆ. ಪುರಾಣದಲ್ಲಿ ನಡುನಡುವೆ ಬರುವ ಹಾಡು ಕೇಳುಗರಿಗೆ ಉಸಿರು ಬಿಡಲು ಅವಕಾಶ ಕೊಡುತ್ತದೆ. ಗದ್ಯದ ಓದಿನಲ್ಲೂ ಒಂದು ವಾದ ಮುಗಿದಲ್ಲಿ ನಿಲ್ಲಬೇಕು. ಅಲ್ಲಿ ಸಂಬಂಧಪಟ್ಟ ವಚನವೋ ತತ್ವಪದವೋ ಹಾಡಿದರೆ ರೂಢಿಯೂ ಉಳಿಯುತ್ತದೆ, ವಿಷಯವೂ ಮನಸ್ಸಿಗೆ ಇಳಿಯುತ್ತದೆ.

ಮೂಲಕ್ಕೆ ನಿಷ್ಠೆ

ಹಳೆಯ ಲೇಖನಗಳಲ್ಲಿ ಇಂದು ಆಡಬಾರದ ಜಾತಿಸೂಚಕ ಪದಗಳಿವೆ, ಹೆಣ್ಣಿನ ಬಗ್ಗೆ ಹಗುರ ಮಾತುಗಳಿವೆ, ಹಳಸಿಹೋದ ನಂಬಿಕೆಗಳಿವೆ. ಇವನ್ನು ಸದ್ದಿಲ್ಲದೆ ತಿದ್ದಿ ಓದುವುದು ಸರಿಯಾದ ದಾರಿಯಲ್ಲ. ಹಾಗೆ ತಿದ್ದಿದರೆ ಅಂದಿನ ಕ್ರೌರ್ಯವೇ ಮರೆಯಾಗಿ, ಲೇಖಕರು ಯಾವುದರ ವಿರುದ್ಧ ಕಾದಾಡಿದರು ಎಂಬುದೇ ತಿಳಿಯದೆ ಹೋಗುತ್ತದೆ. ಲೇಖಕರದೇ ಪೂರ್ವಗ್ರಹವಿದ್ದರೆ ಅದನ್ನೂ ಕೇಳುಗರು ತಿಳಿಯಬೇಕು. ಅದೇ ವೇಳೆಗೆ, ಆ ಪದದ ಪೆಟ್ಟು ತಿಂದ ಸಮುದಾಯದವರು ಸಭೆಯಲ್ಲೇ ಕೂತಿರುತ್ತಾರೆ ಎಂಬ ಎಚ್ಚರ ಓದುವವರಿಗೆ ಇರಬೇಕು. ಆದ್ದರಿಂದ ಓದುವ ಮೊದಲೇ ಬರೆದ ಕಾಲ, ಸಂದರ್ಭ, ಬರಲಿರುವ ಕಟುಪದಗಳ ಬಗ್ಗೆ ನೇರವಾಗಿ ತಿಳಿಸುವುದು ಕರ್ತವ್ಯ.

ಕತ್ತರಿಸುವ ವಿಷಯದಲ್ಲೂ ಇದೇ ನಿಯಮ. ಎಷ್ಟು ಬಿಟ್ಟಿದೆ, ಎಲ್ಲಿ ಬಿಟ್ಟಿದೆ ಎಂದು ಹೇಳಿ ಬಿಡಬೇಕು. ಮೆಚ್ಚಿಕೆಯಾಗುವ ಭಾಗ ಮಾತ್ರ ಆಯ್ದು ಎದುರಾಳಿಯ ವಾದವನ್ನು ಕೈಬಿಟ್ಟರೆ ವಿಚಾರ ಲೇಖನ ಘೋಷಣೆಯಾಗಿಬಿಡುತ್ತದೆ. ಓದು ಮತ್ತು ವ್ಯಾಖ್ಯಾನದ ನಡುವಿನ ಗೆರೆ ಕೇಳುಗರಿಗೆ ಸ್ಪಷ್ಟ ಕಾಣಬೇಕು. ಲೇಖಕರ ಮಾತು ಎಲ್ಲಿ ಮುಗಿಯಿತು, ವಿವರಿಸುವವರ ಅಭಿಪ್ರಾಯ ಎಲ್ಲಿ ಶುರುವಾಯಿತು ಎಂಬುದು ಕಲಸಿಹೋಗಬಾರದು. ಪುರಾಣದಲ್ಲಿ ಪ್ರಶ್ನೆ ಕೇಳುವುದು ಅಪರೂಪ. ವಿಚಾರ ಲೇಖನದ ಓದಿನಲ್ಲಿ ಪ್ರಶ್ನೆಗೆ ಸಮಯ ಇಡುವುದು ಕಡ್ಡಾಯ.

ಯಂತ್ರ ಮತ್ತು ಕಾನೂನು

1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಉತ್ತರ ಕರ್ನಾಟಕದ ಕಿವಿಗೆ ಹೊಸ ದಾರಿ ತೆರೆಯಿತು. ಕನ್ನಡ ನಿಲಯಗಳ ಬೆಳಗಿನ ‘ಚಿಂತನ’ ಕೆಲವೇ ನಿಮಿಷಗಳ ಗದ್ಯವನ್ನು ಮನೆಮನೆಯ ಅಭ್ಯಾಸ ಮಾಡಿಸಿತು. ಈಗ ಮೊಬೈಲಿನಲ್ಲಿ ಕನ್ನಡ ಆಡಿಯೊ ಪುಸ್ತಕಗಳು ಸಿಗುತ್ತವೆ. ಅಲ್ಲಿ ಕತೆ-ಕಾದಂಬರಿಗೆ ಸಿಕ್ಕ ಜಾಗ ವಿಚಾರ ಲೇಖನಕ್ಕೆ ಸಿಕ್ಕಿಲ್ಲ. ಯಂತ್ರವೇ ಓದಿ ಹೇಳುವ ಸೌಲಭ್ಯ ಕಣ್ಣು ಕಾಣದವರಿಗೆ ದೊಡ್ಡ ಆಸರೆ. ಆದರೂ ಪೂರ್ವಪಕ್ಷ ಯಾವುದು, ಸಿದ್ಧಾಂತ ಯಾವುದು ಎಂದು ತಿಳಿದು ದನಿ ಬದಲಿಸಲು ಅರ್ಥ ಬಲ್ಲ ಓದುಗರೇ ಬೇಕು.

ಧ್ವನಿ ಮುದ್ರಿಸಿ ಹಂಚುವವರು ಹಕ್ಕುಸ್ವಾಮ್ಯದ ಲೆಕ್ಕ ತಿಳಿದಿರಬೇಕು. ಭಾರತದ 1957ರ ಕಾಯ್ದೆಯಂತೆ ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿ 1ರಿಂದ 60 ವರ್ಷ ಹಕ್ಕು ಉಳಿಯುತ್ತದೆ. 1948ರಲ್ಲಿ ತೀರಿಕೊಂಡ ಗಾಂಧೀಜಿಯವರು ಜೀವಿತಕಾಲದಲ್ಲಿ ಪ್ರಕಟಿಸಿದ ಬರಹ 2009ರಿಂದ, 1956ರಲ್ಲಿ ತೀರಿಕೊಂಡ ಅಂಬೇಡ್ಕರರದು 2017ರಿಂದ ಮುಕ್ತ. 1964ರಲ್ಲಿ ಕಾಲವಾದ ಆಲೂರ ವೆಂಕಟರಾಯರು ಮತ್ತು ಹಳಕಟ್ಟಿಯವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಬರಹ 2025ರ ಜನವರಿ 1ರಿಂದ ಮುಕ್ತವಾಗಿದೆ. ಡಿ.ವಿ.ಜಿ.ಯವರದಕ್ಕೆ 2035ರ ಕೊನೆಯವರೆಗೆ, ಕುವೆಂಪು ಅವರದಕ್ಕೆ 2054ರ ಕೊನೆಯವರೆಗೆ ಅನುಮತಿ ಬೇಕು. ಮೂಲ ಮುಕ್ತವಾಗಿದ್ದರೂ ಅನುವಾದಕರ ಹಕ್ಕು ಬೇರೆಯಾಗಿಯೇ ಉಳಿಯುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಪ್ರಕಟವಾದ ಕೃತಿಯ ಮಿತವಾದ ಭಾಗವನ್ನು ಸಾರ್ವಜನಿಕವಾಗಿ ಓದಲು ಕಾಯ್ದೆಯ 52ನೆಯ ಕಲಮು ಅವಕಾಶ ಕೊಟ್ಟಿದೆ.

ಆಗಬೇಕಾದ ಕೆಲಸ

ರಾಜಕೀಯ ಗದ್ಯವನ್ನು ಗಟ್ಟಿಯಾಗಿ ಓದುವ ರೂಢಿಗೆ ಸರಕಾರಗಳೂ ಒಂದು ಬಾಗಿಲು ತೆರೆದಿವೆ. ಮಹಾರಾಷ್ಟ್ರದ ಶಾಲೆಗಳಲ್ಲಿ 2020ರ ಜನವರಿ 26ರಿಂದ ಸಂವಿಧಾನದ ಪ್ರಸ್ತಾವನೆಯ ಸಾಮೂಹಿಕ ಓದು ಜಾರಿಗೆ ಬಂತು. ಕರ್ನಾಟಕದಲ್ಲಿ 2023ರ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಪ್ರಸ್ತಾವನೆ ಓದಿಸಲಾಯಿತು. ಮಹಾರಾಷ್ಟ್ರ ಅಬ್ದುಲ್ ಕಲಾಂ ಅವರ ಜನ್ಮದಿನವಾದ ಅಕ್ಟೋಬರ್ 15ನ್ನು ವಾಚನ ಪ್ರೇರಣಾ ದಿನವಾಗಿ ಆಚರಿಸುತ್ತದೆ. ಪ್ರಸ್ತಾವನೆಯ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಎಂಬ ಪದಗಳನ್ನು ಮಕ್ಕಳು ಬಾಯಿಪಾಠ ಹೇಳುತ್ತಾರೆ. ಆ ಪದಗಳ ಹಿಂದಿನ ವಾದ ಅವರ ಕಿವಿಗೆ ಬೀಳುವುದು ಫುಲೆ, ಗಾಂಧಿ, ಅಂಬೇಡ್ಕರ್, ಶಿಂದೆ, ಕುವೆಂಪು ಅವರ ಬರಹ ಓದಿದಾಗಲೇ.

ಮುಚ್ಚಂಡಿಯಂಥ ಊರಲ್ಲಿ ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಶಾಲೆಯ ಒಂದು ಕೋಣೆ ಅಥವಾ ಗುಡಿಯ ಕಟ್ಟೆ, ಸ್ಪಷ್ಟವಾಗಿ ಓದಬಲ್ಲ ಇಬ್ಬರು, ವಿಷಯ ಬಲ್ಲ ಒಬ್ಬ ಶಿಕ್ಷಕರು ಇದ್ದರೆ ಸಾಕು. ‘ಹಿಂದ್ ಸ್ವರಾಜ್’ನ ಒಂದು ಅಧ್ಯಾಯದಿಂದ ಶುರು ಮಾಡಬಹುದು. ಮುಂದೆ ಫುಲೆಯವರ ಮರಾಠಿಯನ್ನು ಮರಾಠಿಯಲ್ಲೇ ಓದಿ ಕನ್ನಡದಲ್ಲಿ ಬಿಡಿಸಬಹುದು. ಇಂಚಗೇರಿಯ ನಿರೂಪಣ ಕೇಳಿದ ಸೀಮೆಗೆ ಆ ಕ್ರಮ ಗೊತ್ತಿದೆ. ಈ ಲೇಖನಗಳು ಯಾರ ಬದುಕಿನ ಬಗ್ಗೆ ಬರೆದವೋ ಅವರ ಕಿವಿಗೆ ಅವು ಇನ್ನೂ ಪೂರ್ತಿ ಮುಟ್ಟಿಲ್ಲ. ಮುಟ್ಟಿಸುವ ಕೆಲಸವನ್ನು ಊರಿನ ಶಿಕ್ಷಕರು, ವಾಚನಾಲಯಗಳು, ಮಠಗಳು ಈ ಶ್ರಾವಣದಿಂದಲೇ ಕೈಗೆತ್ತಿಕೊಳ್ಳಲಿ.